ಕೇಬಲ್ ಎಳೆದಿದ್ದಾಯ್ತು, ಬೂತಿನಲ್ಲಿ ಯಾರು ಕೂರುತ್ತಾರೆ? ಗಾರ್ಡಿ ಹೌ ಸೇತುವೆಯವರಿಗೆ ಒಂದು ಬಹಿರಂಗ ಪತ್ರ

ವಿಂಡ್ಸರ್, ಫೆಬ್ರವರಿ 2026

ವಿಂಡ್ಸರ್-ಡೆಟ್ರಾಯಿಟ್ ಬ್ರಿಡ್ಜ್ ಅಥಾರಿಟಿಯವರಿಗೆ,

ನಮಸ್ಕಾರ.

ನಿಮಗೆ ಕನ್ನಡ ಬರೋದಿಲ್ಲ, ಗೊತ್ತು. ಇಂಗ್ಲಿಷಿನಲ್ಲಿ ಬೇರೆ ಪತ್ರ ಬರೆದು ಕಳಿಸುತ್ತೇನೆ, ಅದು ಚಿಕ್ಕದಾಗಿ, ಮರ್ಯಾದೆಯಾಗಿ ಇರುತ್ತದೆ. ಇದು ಮಾತ್ರ ಮನೆಮಾತಿನಲ್ಲಿ. ಡೆಟ್ರಾಯಿಟ್ ನದಿಯ ಈ ದಡದಲ್ಲಿ ಕೆನಡಾದ ನಮ್ಮ ವಿಂಡ್ಸರ್, ಆ ದಡದಲ್ಲಿ ಅಮೆರಿಕದ ಡೆಟ್ರಾಯಿಟ್, ಎರಡನ್ನೂ ಕೂಡಿಸೋಕೆ ನೀವು ಕಟ್ಟಿದ ಗಾರ್ಡಿ ಹೌ ಸೇತುವೆ ಬಗ್ಗೆ ಈ ಪತ್ರ. ಆ ದಡದಲ್ಲಿ ನೋವೈ, ಕ್ಯಾಂಟನ್, ಟ್ರಾಯ್ ಕಡೆ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ, ಈ ದಡದಲ್ಲಿ ನಮ್ಮಂಥ ನಾಲ್ಕು ಮನೆ. ಅವರೆಲ್ಲ ಓದಲಿ ಅಂತ. ಊರಿನವರೂ ಓದಲಿ. ಫೋನ್ ಮಾಡಿದಾಗಲೆಲ್ಲ 'ನಿಮ್ಮ ಸೇತುವೆ ಆಯ್ತೇನೋ?' ಅಂತ ಕೇಳುತ್ತಾರಲ್ಲ, ಅವರಿಗೆ ಒಂದೇ ಸಲ ಉತ್ತರ ಕೊಟ್ಟ ಹಾಗೂ ಆಗುತ್ತದೆ.

ಅವರು ಕೇಳೋಕೂ ಕಾರಣ ಇದೆ. ನಾನು ಶರಾವತಿ ಹಿನ್ನೀರಿನ ತುಮರಿ ಸೀಮೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯ್ತು, ನೀರು ನಿಂತಿತು, ನಮ್ಮ ಕಡೆಯ ಊರುಗಳು ದ್ವೀಪದ ಹಾಗಾದವು. ಸಾಗರದ ಪೇಟೆಗೆ ಬರಬೇಕಾದರೆ ಕಳಸವಳ್ಳಿಯಲ್ಲಿ ಲಾಂಚ್ ಹತ್ತಿ ಅಂಬಾರಗೋಡ್ಲುವಿನಲ್ಲಿ ಇಳಿಯಬೇಕಿತ್ತು. ಬಸ್ಸು, ಜೀಪು, ಅಡಿಕೆ ಮೂಟೆ, ಬಾಣಂತಿ, ಮದುವೆ ದಿಬ್ಬಣ, ಸಿಗಂದೂರಿಗೆ ಬಂದ ಭಕ್ತರು, ಎಲ್ಲ ಆ ಒಂದು ಲಾಂಚಿನ ಮೇಲೆ. ಸಂಜೆ ಕೊನೆ ಲಾಂಚ್ ಹೋಯ್ತು ಅಂದರೆ ಹೋಯ್ತು. ಆಚೆ ದಡದಲ್ಲಿ ಮನೆ ದೀಪ ಕಾಣುತ್ತಿದ್ದರೂ ಈಚೆ ದಡದಲ್ಲಿ ಯಾರದ್ದೋ ಜಗಲಿ ಮೇಲೆ ಮಲಗಬೇಕು.

2018ರಲ್ಲಿ ಅಲ್ಲಿ ಸೇತುವೆಗೆ ಶಂಕುಸ್ಥಾಪನೆ ಆಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಇಲ್ಲಿ ನಿಮ್ಮ ಕೆಲಸ ಶುರುವಾಯ್ತು. ಎರಡೂ ಕೇಬಲ್ ಸೇತುವೆ, ಎರಡೂ ಎರಡು ಕಿಲೋಮೀಟರಿಗೂ ಉದ್ದ. ನಮ್ಮಮ್ಮನಿಗೂ ನನಗೂ ಒಂಥರಾ ಪಂದ್ಯ ಬಿತ್ತು, ಯಾರ ಸೇತುವೆ ಮೊದಲು ಅಂತ. 2025ರ ಜುಲೈ 14ಕ್ಕೆ ಅಮ್ಮ ಗೆದ್ದಳು. ಉದ್ಘಾಟನೆಗೆ ಯಾರನ್ನು ಕರೆದರು ಯಾರನ್ನು ಬಿಟ್ಟರು ಅನ್ನೋ ಜಗಳ ಅಲ್ಲೂ ಆಯ್ತು, ಆದರೆ ಮಾರನೇ ದಿನ ಬಸ್ಸು ಓಡಿತು. ನನ್ನ ಸೇತುವೆ ಇನ್ನೂ ಇಲ್ಲಿ ನಿಂತೇ ಇದೆ, ದೀಪ ಹಾಕಿಕೊಂಡು.

ಗಾತ್ರದಲ್ಲಿ ಎರಡಕ್ಕೂ ಹೋಲಿಕೆ ಇಲ್ಲ ಬಿಡಿ. ನಿಮ್ಮದು ಆರು ಲೇನು. ಗೋಪುರದಿಂದ ಗೋಪುರಕ್ಕೆ 853 ಮೀಟರ್, ನಡುವೆ ನೀರಿನಲ್ಲಿ ಒಂದು ಕಂಬವೂ ಇಲ್ಲ. ಈ ಜಾತಿಯ ಸೇತುವೆಗಳಲ್ಲಿ ಉತ್ತರ ಅಮೆರಿಕದಲ್ಲೇ ಇಷ್ಟು ಉದ್ದದ ಜಿಗಿತ ಇನ್ನೊಂದಿಲ್ಲ. ಗೋಪುರಗಳು 220 ಮೀಟರ್, ಅಂದರೆ ಡೆಟ್ರಾಯಿಟಿನ ಆ ಗಾಜಿನ ರಿನೈಸಾನ್ಸ್ ಸೆಂಟರಿನ ಎತ್ತರಕ್ಕೆ ಹತ್ತಿರ ಹತ್ತಿರ. ನಮ್ಮ ಮನೆ ವಿಂಡ್ಸರಿನ ಪಶ್ಚಿಮದ ತುದಿಯಲ್ಲಿ, ಅಡುಗೆಮನೆ ಕಿಟಕಿಯಿಂದ ಕೆನಡಾ ಕಡೆಯ ಗೋಪುರ ಕಾಣುತ್ತದೆ. ಮೊದಲು ಎರಡು ಕಾಲು ಎದ್ದವು, ಆಮೇಲೆ ಮೇಲೆ ಹೋಗ್ತಾ ಹೋಗ್ತಾ ಒಂದಾದವು, ಕೈ ಮುಗಿದ ಹಾಗೆ. ನನ್ನ ಮಗಳು ಅದನ್ನು 'ನಮಸ್ತೆ' ಅಂತಲೇ ಕರೆಯೋದು. ಆಮೇಲೆ ಕೇಬಲ್ಲುಗಳು ಬಂದವು, ಒಟ್ಟು 216. ಅವಳು ಎಣಿಸೋಕೆ ಶುರು ಮಾಡಿ ಮೂವತ್ತಕ್ಕೆ ಸುಸ್ತಾದಳು.

2024ರ ಜೂನ್ ತಿಂಗಳು ನೆನಪಿದೆಯಾ? ನಿಮಗೆ ನೆನಪಿಲ್ಲದೆ ಇರುತ್ತದೆಯೇ! ಎರಡೂ ದಡದಿಂದ ಚಾಚಿಕೊಂಡು ಬಂದ ರಸ್ತೆಯ ಹಾಸು ನಡುನೀರಿನ ಮೇಲೆ ಒಂದನ್ನೊಂದು ಮುಟ್ಟಿತು. ಅದಕ್ಕೆ ಮುಂಚಿನ ವಾರಗಳಲ್ಲಿ ನದಿ ದಂಡೆಗೆ ಹೋದರೆ ಜನ ಕುರ್ಚಿ ಹಾಕಿಕೊಂಡು, ಕಾಫಿ ಲೋಟ ಹಿಡಿದುಕೊಂಡು, ಆ ಸಂದಿಯನ್ನೇ ನೋಡುತ್ತಾ ಕೂತಿರುತ್ತಿದ್ದರು. ಸಂದಿ ದಿನದಿನಕ್ಕೂ ಸಣ್ಣದಾಗುತ್ತಿತ್ತು. ಕೊನೆಗೆ ಮುಚ್ಚಿತು. ಗಾಳಿಗೆ ತೂಗುವ ಎರಡು ತುದಿಗಳನ್ನು ನೀರಿನಿಂದ 46 ಮೀಟರ್ ಮೇಲೆ ಹಿಡಿದು ಒಂದಕ್ಕೊಂದು ಕೂಡಿಸೋದು ಅಂದರೆ ಸುಮ್ನೆ ಮಾತಲ್ಲ. ಬೇಸಿಗೆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗೆ ದೊಡ್ಡ ದೊಡ್ಡ ಹಡಗು ಓಡಾಡುತ್ತಲೇ ಇರುತ್ತವೆ. ಆ ಕೆಲಸ ಮಾಡಿದವರ ಬಗ್ಗೆ ನನ್ನದು ಒಂದೇ ಒಂದು ದೂರಿಲ್ಲ. ಕೈ ಮುಗಿಯುತ್ತೇನೆ, ಆ ಗೋಪುರದ ಹಾಗೆಯೇ.

ನೆಲದ ಕೆಳಗಿನ ಕೆಲಸವೂ ಕಡಿಮೆಯದಲ್ಲ. ಈ ಊರಿನ ಅಡಿಯೆಲ್ಲ ಉಪ್ಪು. ಹಿಂದೆ ಬಾವಿ ಕೊರೆದು ನೀರು ಬಿಟ್ಟು ಉಪ್ಪುನೀರು ಮೇಲೆತ್ತಿ, ಒಳಗೆ ಪೊಳ್ಳು ಬಿಟ್ಟು ಹೋಗಿದ್ದರು. 1954ರಲ್ಲಿ ಇಲ್ಲೇ ನದಿ ಪಕ್ಕ ನೆಲ ಕುಸಿದು ದೊಡ್ಡ ಗುಂಡಿ ಬಿದ್ದಿತ್ತು. ಹಾಗಾಗಿ ಸೇತುವೆ ಎಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವ ಮೊದಲು ಆಳಕ್ಕೆ ಕೊರೆದು, ಕೆಳಗೆ ಪೊಳ್ಳಿದೆಯಾ ಅಂತ ನೋಡಿದರು. ನಮ್ಮ ಕಡೆ ಬಾವಿ ತೋಡೋಕೆ ತೆಂಗಿನಕಾಯಿ ಹಿಡಿದು ಓಡಾಡುತ್ತಾರೆ. ಅಮ್ಮನಿಗೆ ಇದನ್ನು ಹೇಳಿದಾಗ 'ಅವರಿಗೂ ತೆಂಗಿನಕಾಯಿ ಕಳಿಸಬೇಕಿತ್ತು' ಅಂದಳು.

ಈಗ ದೂರಿಗೆ ಬರುತ್ತೇನೆ.

ಮೊದಲು ನೀವು ಹೇಳಿದ್ದು 2024ರ ಕೊನೆಗೆ ಅಂತ. 2024ರ ಜನವರಿಯಲ್ಲಿ ಅದು 2025ಕ್ಕೆ ಹೋಯ್ತು, ಜೊತೆಗೆ ಖರ್ಚು 570 ಕೋಟಿ ಕೆನಡಾ ಡಾಲರಿನಿಂದ 640 ಕೋಟಿಗೆ ಏರಿತು. ಕೋವಿಡ್ ಕಾರಣ ಅಂದಿರಿ, ಒಪ್ಪಿದೆವು. ಕೋವಿಡ್ ಯಾರನ್ನು ಬಿಟ್ಟಿದೆ. ಆಮೇಲೆ 2025 ಹೋಗಿ 2026ರ ಶುರುವಿಗೆ ಅಂದಿರಿ. ಅದನ್ನೂ ಒಪ್ಪಿದೆವು. ತಾರೀಕು ಮುಂದೆ ಹೋಗೋದು ನಮ್ಮಂಥವರಿಗೆ ಹೊಸದಲ್ಲ. ತುಮರಿಯಲ್ಲಿ ಅರವತ್ತು ವರ್ಷ ಕಾದವರ ಮಕ್ಕಳು ನಾವು.

ಆದರೆ ಒಂದು ಗಮನಿಸಿದ್ದೇನೆ. ನೀವು ಪ್ರಗತಿ ಅಂತ ತೋರಿಸೋದೆಲ್ಲ ಉಕ್ಕು ಮತ್ತು ಕಾಂಕ್ರೀಟು. ಎಷ್ಟು ಕೇಬಲ್ ಎಳೆದಿರಿ, ಎಷ್ಟು ಡಾಂಬರು ಹಾಕಿದಿರಿ, ಯಾವ ದೀಪ ಹತ್ತಿಸಿದಿರಿ. ಫೋಟೋಗಳು ಚಂದ ಇರುತ್ತವೆ, ನಾನೂ ಊರಿಗೆ ಕಳಿಸಿದ್ದೇನೆ. ಆದರೆ ಗಡಿ ಸೇತುವೆ ಅಂದರೆ ಬರೀ ಸೇತುವೆ ಅಲ್ವಲ್ಲ. ನೀರು ದಾಟೋಕೆ ಎರಡು ಮೂರು ನಿಮಿಷ ಸಾಕು. ಮಿಕ್ಕಿದ್ದೆಲ್ಲ ಗಡಿ ತಪಾಸಣೆಯ ಬೂತಿನ ಮುಂದೆ ಕಾಯೋದು. ಕೆನಡಾ ಕಡೆ 24 ತಪಾಸಣೆ ಲೇನು ಕಟ್ಟಿದ್ದೀರಿ, ಅಮೆರಿಕದ ಕಡೆ 36. ಒಳ್ಳೇದು. ಅವುಗಳಲ್ಲಿ ಮೊದಲನೇ ದಿನ ಬೆಳಗ್ಗೆ ಆರಕ್ಕೆ ಎಷ್ಟರಲ್ಲಿ ಮನುಷ್ಯರು ಕೂತಿರುತ್ತಾರೆ? ನನಗೆ ಬೇಕಾಗಿರೋ ಲೆಕ್ಕ ಅದೊಂದೇ.

ಯಾಕೆ ಕೇಳ್ತೀನಿ ಅಂದರೆ, ನಾನು ಹನ್ನೊಂದು ವರ್ಷದಿಂದ ಈ ನದಿ ದಾಟಿ ಕೆಲಸಕ್ಕೆ ಹೋಗುವವನು. ಇಲ್ಲಿಂದ ಅಲ್ಲಿಯ ಆಸ್ಪತ್ರೆಗಳಿಗೆ ಹೋಗುವ ನರ್ಸುಗಳು ನಮ್ಮ ಬೀದಿಯಲ್ಲೇ ಇದ್ದಾರೆ. ನಮಗೆ ಗಡಿ ಅಂದರೆ ದೇಶ ಅಲ್ಲ, ಸಾಲು. ಎಂಟು ಲೇನು ಇರುವ ಕಡೆ ಎರಡು ಲೇನಿನ ಮೇಲೆ ಹಸಿರು ದೀಪ, ಆರರ ಮೇಲೆ ಕೆಂಪು ಅಡ್ಡಗೀಟು. ಮುಂದಿನ ಕಾರಿನವನು ಕಿಟಕಿ ಇಳಿಸಿ ಏನೋ ವಿವರಿಸುತ್ತಿರುತ್ತಾನೆ, ಕೈ ಆಡಿಸುತ್ತಾನೆ, ಡಿಕ್ಕಿ ತೆಗೆಯುತ್ತಾನೆ. ಹಿಂದೆ ನಾವು ಅರವತ್ತು ಜನ ಅವನ ಕೈಯನ್ನೇ ನೋಡುತ್ತಾ ಕೂತಿರುತ್ತೇವೆ. ಒಂದು ಸಲ ಹಾಗೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಮಗಳ ಶಾಲೆಯ ನಾಟಕ ತಪ್ಪಿತು. ಅವಳು ಮರವಾಗಿದ್ದಳಂತೆ, ಮಾತೇನೂ ಇರಲಿಲ್ಲವಂತೆ, ಆದರೂ ತಪ್ಪಿತಲ್ಲ. ಲೇನು ಜಾಸ್ತಿ ಇದ್ದರೆ ಸಾಲು ಕರಗೋದಿಲ್ಲ ಸ್ವಾಮಿ, ಲೇನಿನಲ್ಲಿ ಜನ ಕೂತರೆ ಕರಗುತ್ತದೆ.

ಬೂತಿನಲ್ಲಿ ಕೂರುವವರು ನಿಮ್ಮ ನೌಕರರಲ್ಲ, ಗೊತ್ತು. ಇಲ್ಲಿ ಕೆನಡಾ ಗಡಿ ಇಲಾಖೆ, ಅಲ್ಲಿ ಅಮೆರಿಕದ್ದು. ನಿಮ್ಮ ಕೈಯಲ್ಲಿರೋದು ಟೋಲು ಮತ್ತು ಕಟ್ಟಡ. ಆದರೆ ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸಿ, 'ಇಂತಿಷ್ಟು ಬೂತು, ಇಂತಿಷ್ಟು ಹೊತ್ತು' ಅಂತ ಬರೆಸಿಕೊಂಡು ನಮಗೆ ಹೇಳುವ ಜಾಗದಲ್ಲಿ ಇರುವವರು ನೀವೇ. ಬೇರೆ ಯಾರನ್ನು ಕೇಳಲಿ?

ಇನ್ನು ರಾಜಕೀಯ. ಇದನ್ನು ಬಿಟ್ಟು ಬರೆಯೋಣ ಅಂದುಕೊಂಡಿದ್ದೆ, ಈ ತಿಂಗಳು ಬಿಡೋ ಹಾಗಿಲ್ಲ. 9ನೇ ತಾರೀಕು ಟ್ರಂಪ್ ಅವರು, ಅಮೆರಿಕಕ್ಕೆ ಪರಿಹಾರ ಸಿಗುವವರೆಗೆ ಈ ಸೇತುವೆ ತೆರೆಯೋಕೆ ಬಿಡೋದಿಲ್ಲ, ಅರ್ಧವಾದರೂ ನಮ್ಮದಾಗಬೇಕು ಅಂತ ಬರೆದರು. ಊರಿಂದ ಅವತ್ತೇ ಫೋನ್ ಬಂತು. 'ಅವರಿಗೂ ಪಾಲು ಬೇಕಂತಲ್ಲೋ?' ನಾನು ಹೇಳಿದೆ, ಪಾಲು ಆಗಲೇ ಇದೆ. 2012ರ ಜೂನಿನಲ್ಲಿ ಕೆನಡಾ ಮತ್ತು ಮಿಷಿಗನ್ ರಾಜ್ಯ ಮಾಡಿಕೊಂಡ ಒಪ್ಪಂದದಲ್ಲೇ ಇದೆ. ದುಡ್ಡೆಲ್ಲ ಕೆನಡಾದ್ದು, ಮಾಲೀಕತ್ವ ಇಬ್ಬರದ್ದೂ, ಹಾಕಿದ ದುಡ್ಡು ಟೋಲಿನಿಂದ ವಾಪಸ್ಸು ಬರಬೇಕು. ಆ ಕಡೆಯ ಕಸ್ಟಮ್ಸ್ ಅಂಗಳಕ್ಕೂ ಅಮೆರಿಕ ದುಡ್ಡು ಕೊಡೋದಿಲ್ಲ ಅಂದಾಗ 2015ರಲ್ಲಿ ಅದನ್ನೂ ಕೆನಡಾವೇ ಹೊತ್ತಿತು. ಅಣ್ಣ ಪೂರ್ತಿ ದುಡ್ಡು ಹಾಕಿ ತೋಟದ ಬೇಲಿ ಕಟ್ಟಿಸಿ, ಖಾತೆ ಇಬ್ಬರ ಹೆಸರಿಗೆ ಮಾಡಿಸಿದ ಮೇಲೆ ತಮ್ಮ ಬಂದು 'ನನಗೇನು ಸಿಕ್ತು' ಅಂದ ಹಾಗೆ. 2017ರ ಫೆಬ್ರವರಿಯಲ್ಲಿ ಇದೇ ಟ್ರಂಪ್ ಅವರು ಆಗಿನ ಕೆನಡಾ ಪ್ರಧಾನಿ ಟ್ರುಡೊ ಜೊತೆ ನಿಂತು ಕೊಟ್ಟ ಹೇಳಿಕೆಯಲ್ಲಿ, ಈ ಸೇತುವೆ ಬೇಗ ಮುಗಿಯಲಿ ಅಂತ ಇತ್ತು. ಒಂಬತ್ತು ವರ್ಷದಲ್ಲಿ ನದಿ ಅಗಲವಾಗಿಲ್ಲ, ಅದೇ ನದಿ.

ಇದು ಮೊದಲನೇ ಅಡ್ಡಿಯೂ ಅಲ್ಲ. ಹಳೇ ಅಂಬಾಸಡರ್ ಸೇತುವೆ 1929ರದ್ದು, ನಾಲ್ಕು ಲೇನು, ಖಾಸಗಿ ಮಾಲೀಕತ್ವ. ಎರಡು ದೇಶಗಳ ನಡುವಿನ ವ್ಯಾಪಾರದಲ್ಲಿ ಸುಮಾರು ಕಾಲು ಭಾಗ ಅದರ ಮೇಲೆ ಹೋಗುತ್ತದೆ. ಊರಿನವರು ಇದನ್ನು ನಂಬೋದೇ ಇಲ್ಲ, ಸೇತುವೆಗೆ ಯಜಮಾನರು ಇರೋದು ಹೇಗೆ ಅಂತ. ಇದ್ದಾರೆ. 2012ರಲ್ಲಿ ಮಿಷಿಗನ್ ಮತದಾರರ ಮುಂದೆ ಒಂದು ಪ್ರಸ್ತಾವ ಬಂತು: ಹೊಸ ಅಂತರರಾಷ್ಟ್ರೀಯ ಸೇತುವೆ ಕಟ್ಟಬೇಕಾದರೆ ಮೊದಲು ಜನರ ಮತ ಬೇಕು ಅಂತ. ಅದನ್ನು ಗೆಲ್ಲಿಸೋಕೆ ಹಳೇ ಸೇತುವೆಯ ಮಾಲೀಕರಾದ ಮೊರೂನ್ ಕುಟುಂಬದವರು ಮೂರು ಕೋಟಿ ಡಾಲರಿಗೂ ಜಾಸ್ತಿ ಸುರಿದರು. ಜನ ಬೇಡ ಅಂದರು. ಜಾಹೀರಾತು ನೋಡಿ ನೋಡಿ ಬೇಜಾರಾಗಿಯೇ ಬೇಡ ಅಂದಿರಬೇಕು ಅಂತ ನನ್ನ ಅನುಮಾನ.

ಎರಡನೇ ಸೇತುವೆ ಯಾಕೆ ಬೇಕು ಅಂತ ಯಾರಿಗಾದರೂ ಅನುಮಾನ ಇದ್ದಿದ್ದರೆ 2022ರ ಫೆಬ್ರವರಿ ಅದನ್ನು ತೆಗೆಯಿತು. ಕೋವಿಡ್ ನಿಯಮಗಳನ್ನು ವಿರೋಧಿಸಿದವರು ಟ್ರಕ್ಕು, ಪಿಕಪ್ಪು ತಂದು ನಿಲ್ಲಿಸಿ ಒಂದು ವಾರದ ಹತ್ತಿರ ಹಳೇ ಸೇತುವೆಯ ದಾರಿ ಕಟ್ಟಿದರು. ದಿನಕ್ಕೆ 30 ಕೋಟಿ ಡಾಲರಿಗೂ ಜಾಸ್ತಿ ಸಾಮಾನು ಹೋಗುವ ದಾರಿ ಅದು. ಬಿಡಿಭಾಗ ಬರದೆ ಕಾರು ಕಾರ್ಖಾನೆಗಳಲ್ಲಿ ಪಾಳಿ ನಿಂತವು. ಇಲ್ಲಿಯ ಒಂದು ಸೀಟೋ ಎಂಜಿನ್ನೋ ಪೂರ್ತಿ ಆಗುವ ಹೊತ್ತಿಗೆ ಅದರ ಭಾಗಗಳು ಈ ನದಿಯನ್ನು ಎಷ್ಟೋ ಸಲ ದಾಟಿರುತ್ತವೆ. ಆ ವಾರ ನಮ್ಮ ಹ್ಯೂರನ್ ಚರ್ಚ್ ರಸ್ತೆಯಲ್ಲಿ ಟ್ರಕ್ಕಿನ ಸದ್ದೇ ಇರಲಿಲ್ಲ. ಮೊದಲ ದಿನ ಚೆನ್ನಾಗಿತ್ತು, ಮೂರನೇ ದಿನ ಭಯ ಆಯ್ತು.

ಸಾಮಾನ್ಯ ದಿನ ಆ ರಸ್ತೆ ಹೇಗಿರುತ್ತದೆ ಅಂದರೆ, ಮಾಂಟ್ರಿಯಲ್ ಕಡೆಯಿಂದ 401 ಹೆದ್ದಾರಿಯಲ್ಲಿ ನಿಲ್ಲದೆ ಬಂದ ಹದಿನೆಂಟು ಚಕ್ರದ ಟ್ರಕ್ಕು ಇಲ್ಲಿಗೆ ಬಂದು ಶಾಲೆ ಮಕ್ಕಳು ರಸ್ತೆ ದಾಟಲಿ ಅಂತ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಒಂದು ಸಿಗ್ನಲ್ಲು ಆದ ಮೇಲೆ ಇನ್ನೊಂದು. ಹೊಸ ಸೇತುವೆಗೆ ಹರ್ಬ್ ಗ್ರೇ ಪಾರ್ಕ್‌ವೇ ಅಂತ 11 ಕಿಲೋಮೀಟರ್ ದಾರಿ 2015ರಲ್ಲೇ ತೆರೆದಾಗಿದೆ. ಹತ್ತು ವರ್ಷದಿಂದ ಸೇತುವೆಗಾಗಿ ಕಾಯುತ್ತಾ ಬಿದ್ದಿದೆ ಅದು, ಮದುಮಗ ಬಾರದ ಚಪ್ಪರದ ಹಾಗೆ.

ಲಾಂಚ್ ಮಾತು ಹೇಳಿದೆನಲ್ಲ. ಇಲ್ಲೂ ಒಂದಿತ್ತು. ಅಪಾಯದ ರಾಸಾಯನಿಕ, ಅಳತೆ ಮೀರಿದ ಸರಕು ಹೊತ್ತ ಟ್ರಕ್ಕುಗಳನ್ನು ಬಾರ್ಜಿನ ಮೇಲೆ ಹತ್ತಿಸಿ ನದಿ ದಾಟಿಸುತ್ತಿದ್ದರು. 2023ರಲ್ಲಿ ಅದು ನಿಂತಿತು. ನಿಲ್ಲುವ ಮೊದಲು ಒಂದು ದಿನ ಹೋಗಿ ನೋಡಿ ಬಂದೆ. ಹಗ್ಗ ಬಿಚ್ಚುವವನು, ನೀರಿನ ವಾಸನೆ, ಡೀಸೆಲ್ ಹೊಗೆ, ಹಲಗೆ ಮೇಲೆ ಚಕ್ರ ಹತ್ತುವಾಗ ಬರುವ ಆ ಧಡ್ ಅನ್ನೋ ಸದ್ದು. ಅಂಬಾರಗೋಡ್ಲುವೇ. ಚಹಾ ಅಂಗಡಿ ಒಂದು ಇರಲಿಲ್ಲ ಅಷ್ಟೇ.

ಆ ದಡದ ಡೆಲ್‌ರೇ ಬಗ್ಗೆ ಒಂದು ಮಾತು. ಇದನ್ನು ಹೇಳದೆ ಪತ್ರ ಮುಗಿಸಿದರೆ ನನಗೇ ಸಮಾಧಾನ ಇರೋದಿಲ್ಲ. ಒಂದು ಕಾಲದಲ್ಲಿ ಹಂಗೇರಿಯಿಂದ ಬಂದವರು ತುಂಬಿಕೊಂಡಿದ್ದ ಪೇಟೆ ಅದು, ಬೇಕರಿ, ಚರ್ಚು, ಅಂಗಡಿ ಸಾಲು. ಆಮೇಲೆ ಕಾರ್ಖಾನೆ, ಹೊಗೆ, ಹೆದ್ದಾರಿ, ಒಂದೊಂದಾಗಿ ಜನ ಖಾಲಿಯಾದರು. ಉಳಿದವರ ಮನೆಗಳಲ್ಲಿ ನಿಮ್ಮ ಅಂಗಳಕ್ಕೆ ಬೇಕಾದವನ್ನು ಕೊಂಡು ಕೆಡವಿದರು. ಕಾನೂನು ಪ್ರಕಾರ ದುಡ್ಡು ಕೊಟ್ಟೇ ತೆಗೆದುಕೊಂಡಿದ್ದಾರೆ. ಇದ್ದವರ ಮನೆ ರಿಪೇರಿಗೆ, ಎರಡೂ ದಡದ ನೆರೆಹೊರೆಗೆ ಅಂತ ಹಣ ಇಟ್ಟಿದ್ದೀರಿ, ಅದೂ ಗೊತ್ತು. ನಾನು ಮುಳುಗಡೆಯವರ ಮನೆಯಲ್ಲಿ ಹುಟ್ಟಿದವನು. ನಮ್ಮಜ್ಜ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೋಗಿ, ಕೆಸರಿನಲ್ಲಿ ನಿಂತು, 'ಇದು ನಮ್ಮ ಕೊಟ್ಟಿಗೆಯ ಕಲ್ಲು' ಅಂತ ತೋರಿಸುತ್ತಿದ್ದರು. ಅವರಿಗೂ ಪರಿಹಾರ ಅಂತ ಏನೋ ಬಂದಿತ್ತು. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ಪಕ್ಕದ ಮನೆಗಳಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ ಇತ್ತು. ಡೆಲ್‌ರೇಯಲ್ಲಿ ಉಳಿದವರ ಕಿಟಕಿ ಮುಂದೆ ನಾಳೆಯಿಂದ ದಿನಕ್ಕೆ ಸಾವಿರಾರು ಟ್ರಕ್ಕು ಓಡುತ್ತವೆ. ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆದು, ಆ ಲೆಕ್ಕವನ್ನೂ ಕೇಬಲ್ ಫೋಟೋದ ಪಕ್ಕದಲ್ಲೇ ಹಾಕಿ. ಪ್ರತಿ ತಿಂಗಳು ಹಾಕಿ.

ಟೋಲಿನ ವಿಷಯದಲ್ಲಿ ನನ್ನದು ತಕರಾರಿಲ್ಲ. ಕಾರಿಗೆ 8 ಕೆನಡಾ ಡಾಲರ್ ಅಂದಿದ್ದೀರಿ, ದಿನಾ ಓಡಾಡುವವರಿಗೆ ರಿಯಾಯಿತಿ ಇದೆ, ಹಳೇ ಸೇತುವೆಗಿಂತ ಕಡಿಮೆ. ಮುಂದೆ.

ಕೊನೇದಾಗಿ ಆ ಕಾಲುದಾರಿ. ಜನ ಇದನ್ನು ಜಾಸ್ತಿ ಮಾತಾಡೋದಿಲ್ಲ, ನನಗೆ ಮಾತ್ರ ಇಡೀ ಸೇತುವೆಯಲ್ಲಿ ಅದೇ ಇಷ್ಟ. ಸೇತುವೆಯ ಒಂದು ಬದಿಗೆ, ನಡೆಯುವವರಿಗೆ, ಸೈಕಲ್ಲಿನವರಿಗೆ, 3.6 ಮೀಟರ್ ಅಗಲ, ಅದಕ್ಕೆ ಟೋಲಿಲ್ಲ. ಈಗ ಕಾರಿಲ್ಲದವನು ಈ ನದಿ ದಾಟೋದೇ ಕಷ್ಟ. ಹಳೇ ಸೇತುವೆ ಮೇಲೆ ನಡೆಯೋ ಹಾಗಿಲ್ಲ. ನದಿ ಅಡಿಯ ಸುರಂಗದಲ್ಲೂ ಇಲ್ಲ. ಸುರಂಗದ ಬಸ್ಸೊಂದು ಇತ್ತು, 2025ರಲ್ಲಿ ಅದೂ ನಿಂತಿತು. ಇಲ್ಲಿಯ ಯೂನಿವರ್ಸಿಟಿಗೆ ಓದೋಕೆ ಬಂದ ನಮ್ಮ ಹುಡುಗರು ಎರಡು ವರ್ಷ ಡೆಟ್ರಾಯಿಟನ್ನು ದಂಡೆಯಿಂದಲೇ ನೋಡಿಕೊಂಡು ಹೋಗುತ್ತಾರೆ. (ಅಂದ ಹಾಗೆ, ಇಲ್ಲಿಂದ ಅಮೆರಿಕ ಉತ್ತರಕ್ಕಿದೆ. ನಕ್ಷೆ ನೋಡಿ. ಊರಿನವರಿಗೆ ಇದನ್ನು ಅರ್ಥ ಮಾಡಿಸೋಕೆ ನಾನು ಕೈ ಸೋತಿದ್ದೇನೆ.) ಹಾಗಾಗಿ ಕೇಳಿಕೊಳ್ಳೋದು ಇಷ್ಟು: ಟ್ರಕ್ಕಿಗೆ ಬಾಗಿಲು ತೆರೆದ ದಿನವೇ ಕಾಲುದಾರಿಯನ್ನೂ ತೆರೆಯಿರಿ. 'ಅದು ಆಮೇಲೆ ನೋಡೋಣ' ಅನ್ನಬೇಡಿ. ನಡೆದು ಬಂದವರಿಗೂ ಒಂದು ಬೂತು, ಅದರಲ್ಲಿ ಒಬ್ಬ ಮನುಷ್ಯ.

ನಾನು ಮೊದಲ ದಿನವೇ ನಡೆದು ಬರುತ್ತೇನೆ. ಮಗಳೂ ಬರುತ್ತಾಳಂತೆ, ಉಳಿದ ಕೇಬಲ್ಲು ಎಣಿಸೋಕೆ. ಆ ಕಡೆ ಕ್ಯಾಂಟನ್ನಿನಲ್ಲಿರುವ ನಮ್ಮ ಸಾಗರದ ಕಡೆಯ ಸ್ನೇಹಿತರೊಬ್ಬರು ಕಾರು ತಂದು ಕಾಯುತ್ತಾರೆ. ಕೈಚೀಲದಲ್ಲಿ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಇರುತ್ತದೆ. ಹೋದ ವರ್ಷ ಅದನ್ನು ಕಾರಿನಲ್ಲಿ ಒಯ್ಯುವಾಗ ಬೂತಿನ ಅಧಿಕಾರಿ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಆಲಿವ್ವಾ ಅಂತ ಕೇಳಿದರು. ಅಲ್ಲ ಸರ್, ಮಾವಿನ ಮಿಡಿ, ಇಡೀ ಇಡೀ, ಖಾರ ಇದೆ ಅಂದೆ. ಮುಚ್ಚಳ ತೆಗೆದು ಮೂಸಿ ನೋಡಿ, ಏನೂ ಹೇಳದೆ ವಾಪಸ್ಸು ಕೊಟ್ಟು, ಕಣ್ಣು ಒರೆಸಿಕೊಂಡರು. ಈ ಸಲವೂ ಮೊದಲೇ ಹೇಳಿಬಿಡುತ್ತೇನೆ, ಬಚ್ಚಿಡೋದಿಲ್ಲ. ಕೇಳೋಕೆ ಬೂತಿನಲ್ಲಿ ಒಬ್ಬರು ಇರಲಿ.

ಇತಿ,
ವಿಂಡ್ಸರಿನ ಪಶ್ಚಿಮ ತುದಿಯಿಂದ,
ತುಮರಿ ಸೀಮೆಯವನು